ಶಾಲು ಹೊದಿಸಿದ ಮೇಲೆ

ನನ್ನ ಮೊಮ್ಮಗಳು ಗೌರಿ ಈಗ ಇಂಗ್ಲೆಂಡಿನ ಲಫ್‌ಬರೋ ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಓದುತ್ತಾಳೆ ಅನ್ನುವುದಕ್ಕಿಂತ ಆಡುತ್ತಾಳೆ ಅನ್ನುವುದೇ ಸರಿ. ಹೋದ ವಾರ ಅಲ್ಲಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳನ್ನು ಆರಿಸಿಕೊಂಡರು. ಮೊದಲ ವರ್ಷದ ಹುಡುಗಿಯನ್ನು ಹಾಗೆ ಆರಿಸುವುದು ಅಪರೂಪವಂತೆ. ಫೋನಿನಲ್ಲಿ ಸುದ್ದಿ ಕೇಳಿದವಳೇ ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಬಾಗಿಲಿಗೆ ಓಡಿ, ಆಗಷ್ಟೇ ಬಂದಿದ್ದ ಪೋಸ್ಟ್‌ಮನ್‌ನ ಎರಡೂ ಕೈ ಹಿಡಿದು ಕುಲುಕಿಬಿಟ್ಟೆ. ಪಾಪ, ಅವನಿಗೇನೂ ತಿಳಿಯಲಿಲ್ಲ. ಆದರೂ ನಕ್ಕು, ಇಲ್ಲಿನವರು ಎಲ್ಲರನ್ನೂ ಕರೆಯುವ ಹಾಗೆ, "ವೆಲ್ ಡನ್, ಲವ್" ಅಂದ. ಒಳಗೆ ಸಾರು ಉಕ್ಕಿ ಒಲೆಯೆಲ್ಲ ಕೆಂಪಾಗಿತ್ತು. ಉಕ್ಕಲಿ ಬಿಡಿ. ಅದೊಂದು ದಿನ ಉಕ್ಕದಿದ್ದರೆ ಇನ್ಯಾವಾಗ ಉಕ್ಕಬೇಕು?

ಧಾರವಾಡದ ನನ್ನ ತಂಗಿಗೆ ಫೋನ್ ಮಾಡಿದೆ. "ಅಲ್ಲ ಅಕ್ಕಾ, ಹುಡುಗಿ ಡಾಕ್ಟರ್ ಆಗಂಗಿಲ್ಲೇನು?" ಅಂದಳು. "ಮನ್ಯಾಗ ಈಗಾಗ್ಲೇ ಎರಡು ಡಾಕ್ಟರ್ ಅದಾವು, ಸಾಕಾಗ್ಯದ ನನಗ" ಅಂದೆ. ನನ್ನ ಮಗಳು ಶೈಲಾ ಇಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಜಿಪಿ, ಅಂದರೆ ಓಣಿಯ ಡಾಕ್ಟರು, ಅಳಿಯಂದಿರು ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ. ಅವರ ಡ್ಯೂಟಿಯ ರೋಟಾ ನೋಡಿಕೊಂಡು ನನ್ನ ಮೊಮ್ಮಗಳನ್ನು ಬೆಳೆಸಿದವಳು ನಾನು. ಬಾಣಂತನಕ್ಕೆ ಅಂತ ಬಂದವಳು ಇಲ್ಲೇ ಉಳಿದೆ.

ಈ ವಾರ ಮನೆಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ. "ಯಾರು ಕಲಿಸಿದ್ದು ಇದನ್ನೆಲ್ಲ?" ಇಲ್ಲಿನ ಕನ್ನಡ ಕೂಟದ ಹಳಬರು ಕೇಳುವುದಿಲ್ಲ, ಅವರಿಗೆ ಗೊತ್ತು. ಹೊಸಬರು ಕೇಳಿದಾಗ ನಾನು ತಟ್ಟೆಗೆ ಇನ್ನೊಂದು ಉಂಡಿ ಹಾಕಿ ಮಾತು ತಿರುಗಿಸುತ್ತೇನೆ. ಆದರೆ ಇಷ್ಟು ಸಂತೋಷದಲ್ಲಿ ಒಂದು ಮುಳ್ಳನ್ನು ಹಾಗೇ ಇಟ್ಟುಕೊಳ್ಳುವುದು ಆಗುತ್ತಿಲ್ಲ. ಕಲಿಸಿದವರು ಒಬ್ಬರಿದ್ದರು. ಹೆಸರು ಬೇಡ.

ಅವರು ಇಟಲಿಯವರು. ದೊಡ್ಡ ಕ್ಲಬ್ಬುಗಳಲ್ಲಿ ಆಡಿದ್ದವರು. ನಮ್ಮ ಸಾಲಿನ ಕೊನೆಯ ಮನೆಗೆ ಬಂದಾಗ ಆಟ ಬಿಟ್ಟು ಆಗಿತ್ತು, ಮಂಡಿ ಹೋಗಿತ್ತು. ಹೆಂಡತಿ ಇದೇ ಊರಿನವರು, ಪೇಟೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದರು. ಆಕೆ ಕೆಲಸಕ್ಕೆ ಹೋದ ಮೇಲೆ ಈ ಮನುಷ್ಯ ಒಬ್ಬರೇ ಬೀದಿಯಲ್ಲಿ ನಡೆಯುತ್ತಿದ್ದರು. ನಡೆಯುವಾಗ ಮತ್ತೆ ಮತ್ತೆ ಹೆಗಲ ಮೇಲಿಂದ ಹಿಂದೆ ನೋಡುವರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಡಬ್ಬಿ ಎತ್ತಿಕೊಳ್ಳುವಾಗಲೂ ಅಷ್ಟೆ. ಇವರ ಹಿಂದೆ ಯಾರೋ ಬಿದ್ದಿದ್ದಾರೆ ಅಂತ ನಾನು ತಿಳಿದಿದ್ದೆ. "ಏ ಶೈಲಾ, ಆ ಕಡೀ ಮನಿಯವ್ರು ಪೊಲೀಸರಿಗೆ ಅಂಜಿ ಓಡಿಬಂದಾರೇನ?" ಅಂತ ಕೇಳಿದೆ. "ಸುಮ್ನಿರಮ್ಮ, ಫುಟ್‌ಬಾಲ್ ಆಡ್ತಿದ್ದೋರು ಅವರು. ನನ್ನ ಪೇಷಂಟ್ಸ್ ಎಲ್ಲ ಅವರ ಆಟೋಗ್ರಾಫ್ ಬೇಕು ಅಂತಾರೆ" ಅಂದಳು.

ಗೌರಿಯಿಂದಲೇ ಪರಿಚಯವಾದದ್ದು. ಅವಳು ಹನ್ನೊಂದು ತುಂಬುವವರೆಗೆ ಊರಿನ ಕ್ಲಬ್ಬಿನಲ್ಲಿ ಗಂಡು ಹುಡುಗರ ಜೊತೆ ಆಡುತ್ತಿದ್ದಳು. ಆ ಹುಡುಗರು ಅವಳನ್ನು 'ಗ್ಯಾರಿ' ಅಂತ ಗಂಡು ಹೆಸರಿನಿಂದ ಕರೆಯುತ್ತಿದ್ದರು. ನಮ್ಮ ಗೌರಿ ಅದಕ್ಕೂ ಓ ಅನ್ನುತ್ತಿದ್ದಳು. ಹನ್ನೊಂದಾದ ಮೇಲೆ ಹುಡುಗಿಯರು ಹುಡುಗರ ಜೊತೆ ಆಡುವಂತಿಲ್ಲ ಅಂತ ಆಗಿನ ನಿಯಮ. ಹುಡುಗಿಯರದ್ದೇ ತಂಡ ಕ್ಲಬ್ಬಿನಲ್ಲಿ ಇರಲಿಲ್ಲ. ಅಲ್ಲಿಗೆ ಮುಗಿಯಿತು. ಮಗು ಮನೆಯ ಹಿಂದಿನ ಓಣಿಯಲ್ಲಿ ಗ್ಯಾರೇಜಿನ ಬಾಗಿಲಿಗೆ ಧಡ್ ಧಡ್ ಅಂತ ಚೆಂಡು ಒದೆಯುತ್ತ ಕೂತಳು. ಒಂದು ಸಂಜೆ ನಾನು ಬಟ್ಟೆ ಒಣಗಿಸಲು ಹೋದಾಗ ಈ ಮನುಷ್ಯ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳನ್ನೇ ನೋಡುತ್ತ ನಿಂತಿದ್ದರು.

"ಎಷ್ಟು ಸಲ ಒದೀತೀಯ? ಬಾಗಿಲು ಚೆಂಡನ್ನ ನಿನಗೇ ವಾಪಸ್ ಕೊಡುತ್ತೆ. ಅದು ಒಳ್ಳೆಯದು. ಮನುಷ್ಯರು ಕೊಡಲ್ಲ" ಅಂದರು. ಗೌರಿ ನಕ್ಕಳು. ಅವರು ನಗಲಿಲ್ಲ.

ಮುಂದಿನ ತಿಂಗಳು ಕ್ಲಬ್ಬಿನವರ ಹತ್ತಿರ ಹೋಗಿ ಕೂತು, ಮಾತಾಡಿ, ಹುಡುಗಿಯರ ತಂಡ ಕಟ್ಟಿಸಿದರು. ಶನಿವಾರ ಬೆಳಿಗ್ಗೆ ಮೈದಾನ ಸಿಕ್ಕಿತು. ಒಂದೊಂದು ಬೀದಿಯಿಂದ ಒಬ್ಬೊಬ್ಬಳು ಬಂದು ಸೇರಿಕೊಂಡಳು. ಕೆಂಪು ಕೂದಲಿನವಳೊಬ್ಬಳು, ಹಲ್ಲಿಗೆ ತಂತಿ ಹಾಕಿಸಿಕೊಂಡವಳೊಬ್ಬಳು, ತಲೆಗೆ ಸ್ಕಾರ್ಫ್ ಕಟ್ಟಿದ ಪಾಕಿಸ್ತಾನಿ ಮಗುವೊಂದು, ನಮ್ಮ ಗೌರಿ. ನಾನು ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಶಾಲು ಸುತ್ತಿಕೊಂಡು, ಥರ್ಮಾಸ್ ತುಂಬ ಚಹಾ, ಡಬ್ಬಿ ತುಂಬ ಚಕ್ಕುಲಿ ತೆಗೆದುಕೊಂಡು ಗೆರೆಯ ಪಕ್ಕ ನಿಲ್ಲುತ್ತಿದ್ದೆ. ಗೌರಿ ನನ್ನನ್ನು ಅಜ್ಜಿ ಅಂದದ್ದು ಕೇಳಿ ಅದೇ ನನ್ನ ಹೆಸರು ಅಂದುಕೊಂಡ ಅವರು ನನ್ನನ್ನು 'ಮಿಸೆಸ್ ಅಜ್ಜಿ' ಅಂತ ಕರೆದರು. ಕೊನೆಯವರೆಗೂ ಹಾಗೇ ಕರೆದರು. ಚಕ್ಕುಲಿ ಬಾಯಿಗೆ ಹಾಕಿಕೊಂಡು, "ನಮ್ಮೂರಲ್ಲೂ ಇಂಥದ್ದೇ ಮಾಡ್ತಾರೆ, ಮಿಸೆಸ್ ಅಜ್ಜಿ. ಆದ್ರೆ ನಮ್ಮಮ್ಮ ಒಂದೇ ಸುತ್ತು ಸುತ್ತುತ್ತಿದ್ಲು. ನೀವು ಯಾಕೆ ಇಷ್ಟು ಸುತ್ತು?" ಅಂದರು. "ನಮ್ಮ ಹೊಟ್ಟಿ ದೊಡ್ಡದರೀ" ಅಂದೆ. ನನ್ನ ಇಂಗ್ಲಿಷೂ ಕುಂಟು, ಅವರದೂ ಕುಂಟು. ಎರಡು ಕುಂಟುಗಳೂ ಜೊತೆಯಾಗಿ ಚೆನ್ನಾಗಿಯೇ ನಡೆದವು.

ಅವರು ಆಡುತ್ತಿದ್ದದ್ದು ಮಿಡ್‌ಫೀಲ್ಡ್‌ನಲ್ಲಿ. ಹಾಗಂದರೆ ಏನು ಅಂತ ನನಗೆ ತಿಳಿಯಲು ಒಂದು ಮದುವೆ ಊಟ ನೆನೆಸಿಕೊಳ್ಳಬೇಕಾಯಿತು. ಅಡುಗೆಯವರು ಒಳಗೆ, ಬಡಿಸುವವರು ಹೊರಗೆ ಪಂಕ್ತಿಯಲ್ಲಿ. ನಡುವೆ ಒಬ್ಬ ನಿಂತಿರುತ್ತಾನೆ. ಯಾವ ಸಾಲಿನಲ್ಲಿ ಅನ್ನ ಮುಗಿಯಿತು, ಯಾವ ಕಡೆ ಸಾರು ಬೇಕು ಅಂತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ನೋಡಿ, ತುಂಬಿದ ಪಾತ್ರೆಯನ್ನು ಸರಿಯಾದ ಕೈಗೆ ದಾಟಿಸುತ್ತಾನೆ. ಉಂಡವರು ಹೊಗಳುವುದು ಅಡುಗೆಯವನನ್ನೋ ಬಡಿಸಿದವನನ್ನೋ. ನಡುವಿನವನು ಕೊನೆಗೆ ತಾನೂ ಉಂಡನೋ ಇಲ್ಲವೋ ಯಾರಿಗೂ ನೆನಪಿರುವುದಿಲ್ಲ. ಇದನ್ನು ಗೌರಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವರು, "ಗೋಲು ಹೊಡೆದವನ ಫೋಟೋ ಪೇಪರಲ್ಲಿ ಬರುತ್ತೆ. ಅವನಿಗೆ ಚೆಂಡು ಕೊಟ್ಟವನ ಫೋಟೋ ಅವನಮ್ಮನ ಮನೇಲೂ ಇರಲ್ಲ" ಅಂದರು.

ಕಿತ್ತಳೆ ಹಣ್ಣು ಸುಲಿದರೆ ತೊಳೆ ತೊಳೆಯಾಗಿ ಎಲ್ಲ ಹುಡುಗಿಯರಿಗೂ ಹಂಚಿ, ಕೊನೆಗೆ ಉಳಿದರೆ ತಾವು ತಿನ್ನುವರು. ಬೆಂಚಿನ ಮೇಲೆ ತುದಿಯಲ್ಲಿ ಕೂರುವವರಲ್ಲ, ನಡುವೆಯೇ ಕೂರಬೇಕು. ಒಂದು ಶನಿವಾರವಂತೂ ಚೆಂಡನ್ನೇ ತರಲಿಲ್ಲ. ಚೆಂಡಿಲ್ಲದೆ ಆಡಿ ಅಂದರು! ಹುಡುಗಿಯರು ಇಲ್ಲದ ಚೆಂಡನ್ನು ಒಬ್ಬರಿಗೊಬ್ಬರು ಕೊಡಬೇಕು. ಯಾರಿಗೆ ಕೊಟ್ಟೆ ಅಂತ ಹೆಸರು ಕೂಗಬೇಕು. ಹೆಸರು ಕರೆಸಿಕೊಂಡವಳು ಬೇರೆಲ್ಲೋ ನೋಡುತ್ತಿದ್ದರೆ ಆಟ ಮತ್ತೆ ಮೊದಲಿನಿಂದ. ನಾಯಿ ಕರೆದುಕೊಂಡು ಹೊರಟವರೆಲ್ಲ ನಿಂತು ನೋಡಿದರು. ಕೆಂಪು ಕೂದಲಿನವಳ ತಾಯಿ ನನ್ನ ಕಿವಿಯಲ್ಲಿ, "ಈತನಿಗೆ ಹುಚ್ಚಾ?" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅದರ ಮುಂದಿನ ವಾರ ಆ ಮಕ್ಕಳು ಆಡಿದ ರೀತಿಯೇ ಬೇರೆ. ಗಾಳಿಯಲ್ಲಿ ಹಕ್ಕಿಗಳ ಹಿಂಡು ತಿರುಗುತ್ತದಲ್ಲ, ಹಾಗೆ ಎಲ್ಲರೂ ಒಟ್ಟಿಗೆ ತಿರುಗುತ್ತಿದ್ದರು. ನನ್ನ ಗೌರಿ ಅವರ ನಡುವೆ. ಹೆಗಲ ಮೇಲಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ!

ಅವರ ಆಟದ ಜೀವನದ ಕಥೆಯನ್ನು ನಾನು ಕೇಳಿದ್ದು ಚೂರುಚೂರಾಗಿ, ಚಹಾ ಕುಡಿಯುವಾಗ. ಇಟಲಿಯ ತೆಂಕಣ ಗುಡ್ಡದ ಮೇಲಿನ ಊರು. ತಾಯಿಯದು ಬ್ರೆಡ್ ಸುಡುವ ಭಟ್ಟಿ. ಚಿಕ್ಕವರಿದ್ದಾಗಲೇ ದೊಡ್ಡ ಪಟ್ಟಣದ ಕ್ಲಬ್ಬಿನವರು ಕರೆದುಕೊಂಡು ಹೋದರು, ಆಮೇಲೆ ಒಂದು ಊರಿಂದ ಇನ್ನೊಂದು ಊರಿಗೆ ಎರವಲು ಕೊಟ್ಟರು. ಎರವಲು ಅಂದರೆ ನಮ್ಮಲ್ಲಿ ಒನಕೆ, ಜರಡಿ ಕೊಟ್ಟ ಹಾಗೆ. ಮೂವತ್ತಾಗುವಾಗ ಇಂಗ್ಲೆಂಡಿನ ಈ ಉತ್ತರದ ಕಡೆಯ ಒಂದು ಕ್ಲಬ್ಬಿಗೆ ಬಂದರು. ಇಲ್ಲಿನ ಚಳಿ, ಕೆಸರು, ಆವಿಯಲ್ಲಿ ಬೆಂದ ಸಪ್ಪೆ ಬಟಾಣಿ ಎಲ್ಲ ಸಹಿಸಿ ಆಡಿದರು. ಜನ ಅವರ ಹೆಸರಲ್ಲಿ ಹಾಡು ಕಟ್ಟಿದ್ದರಂತೆ. "ಹಾಡಿ ತೋರಸ್ರಿ" ಅಂದರೆ ಕಿವಿ ಕೆಂಪಾಗುತ್ತಿತ್ತು.

ಒಂದು ಚೂರನ್ನು ಮಾತ್ರ ಮತ್ತೆ ಮತ್ತೆ ಹೇಳುವರು. ಆ ವರ್ಷ ಅವರ ತಂಡ ಮೇಲಿನ ದರ್ಜೆಗೆ ಏರಲು ಕೊನೆಯ ಪಂದ್ಯ ಗೆಲ್ಲಬೇಕಿತ್ತು. ವರ್ಷವಿಡೀ ನಡುವೆ ನಿಂತು ಆಡಿಸಿದವರು ಇವರು. ಹಿಂದಿನ ದಿನ ಮ್ಯಾನೇಜರ್ ಇವರ ಮನೆಗೇ ಬಂದ. ಇವರೇ ಅಡುಗೆ ಮಾಡಿ ಬಡಿಸಿದರು. ಅವನು ಎರಡೆರಡು ಸಲ ಹಾಕಿಸಿಕೊಂಡು ಉಂಡು, ಬಾಗಿಲಲ್ಲಿ ಹೆಗಲು ತಟ್ಟಿ ಹೋದ. ಮಾರನೆಯ ದಿನ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಇವರ ಅಂಗಿ ಎಂದಿನ ಗೂಟದಲ್ಲಿ ಇರಲಿಲ್ಲ. ಕ್ಲಬ್ಬು ಹೊಸದಾಗಿ ಕೊಂಡು ತಂದ ಆಟಗಾರನ ಅಂಗಿ ಅಲ್ಲಿ ತೂಗುತ್ತಿತ್ತು. ತಂಡ ಗೆದ್ದಿತು. ಊರಲ್ಲಿ ತೆರೆದ ಬಸ್ಸಿನ ಮೆರವಣಿಗೆ. ಇವರು ಬಸ್ಸಿನ ಹಿಂದಿನ ಮೂಲೆಯಲ್ಲಿ ನಿಂತಿದ್ದರು. ಗೆದ್ದ ಕಪ್ ಕೈಯಿಂದ ಕೈಗೆ ಬಂತು, ಇವರ ಮುಂದಿನವನವರೆಗೂ ಬಂತು, ಅಲ್ಲಿಂದ ತಿರುಗಿ ಹೋಯಿತು.

"ಆಡಿಸಲಿಲ್ಲ ಅಂತ ಬೇಜಾರಿಲ್ಲ, ಮಿಸೆಸ್ ಅಜ್ಜಿ. ನನ್ನ ಮೇಜಿನ ಮುಂದೆ ಕೂತು ಉಣ್ಣುವಾಗ ಅವನಿಗೆ ಗೊತ್ತಿತ್ತಲ್ಲ!" ಅನ್ನುವರು.

"ಅಂವನ ಬಾಯಾಗ ಮಣ್ಣ ಬೀಳ್ಲಿ" ಅನ್ನುತ್ತಿದ್ದೆ ನಾನು. ಗೌರಿ ಇದನ್ನು ಅನುವಾದ ಮಾಡುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ಯಾರೂ ಒಂದು ಹೂವಿನ ಹಾರ ಹಾಕಿಲ್ಲವಲ್ಲ ಅಂತ ನನಗೆ ಸಂಕಟವಾಯಿತು. ಆಟ ಬಿಟ್ಟ ದಿನ ಕ್ಲಬ್ಬಿನವರು ಒಂದು ಕಾರ್ಡು ಕೊಟ್ಟರಂತೆ, ಅಷ್ಟೆ. ನಮ್ಮಲ್ಲಿ ಅಂಚೆಯವನು ನಿವೃತ್ತನಾದರೂ ಶಾಲು ಹೊದಿಸಿ, ಫಲ ತಾಂಬೂಲ ಕೊಟ್ಟು, ನಾಲ್ಕು ಮಾತು ಆಡಿ ಕಳಿಸುತ್ತೇವೆ. ನಾನೇ ಕನ್ನಡ ಕೂಟದವರ ಬೆನ್ನು ಹತ್ತಿದೆ. ದೀಪಾವಳಿ ಕಾರ್ಯಕ್ರಮದಲ್ಲಿ ಇವರಿಗೆ ಸನ್ಮಾನ ಆಗಬೇಕು. ಕೂಟದ ಅಧ್ಯಕ್ಷರು ಬೆಂಗಳೂರಿನ ಹೃದಯದ ಡಾಕ್ಟರು. "ಆದ್ರೆ ಅಮ್ಮಾ, ಅವರು ನಮ್ಮೋರಲ್ವಲ್ಲ?" ಅಂದರು. "ಶಾಲು ಹೊದಿಸ್ರಿ, ನಮ್ಮವರಾಗ್ತಾರ" ಅಂದೆ.

ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದಿದ್ದರು. ಹುಡುಗಿಯರ ಇಡೀ ತಂಡ ಟ್ರ್ಯಾಕ್‌ಸೂಟಿನಲ್ಲಿ ಮೊದಲ ಸಾಲಿನಲ್ಲಿ ಕೂತಿತ್ತು. ಇವರಿಗೆ ಮೈಸೂರು ಪೇಟ ಇಟ್ಟರೆ ಅದು ಕಣ್ಣಿನವರೆಗೆ ಜಾರಿತು. ಶಾಲು, ಹಾರ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, "ಇದನ್ನ ಎಲ್ಲಿಗೆ ಪಾಸ್ ಮಾಡ್ಬೇಕು?" ಅಂತ ಕೇಳಿದರು. ಹಾಲ್ ಎಲ್ಲ ನಕ್ಕಿತು. ಅಧ್ಯಕ್ಷರು ಮೈಕ್ ಹಿಡಿದು ಅವರನ್ನು ಇಟಲಿಯ ರಾಷ್ಟ್ರೀಯ ತಂಡದ ಮಹಾನ್ ತಾರೆ ಅಂದುಬಿಟ್ಟರು. ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು. ಗೌರಿ ನನ್ನ ಕಿವಿಯಲ್ಲಿ, "ಅಜ್ಜಿ, ದಟ್ಸ್ ನಾಟ್ ಟ್ರೂ. ಅವರು ಯಾವತ್ತೂ ನ್ಯಾಷನಲ್ ಟೀಮಲ್ಲಿ ಇರ್ಲಿಲ್ಲ" ಅಂದಳು. "ಸುಮ್ಮಕಿರು, ಸನ್ಮಾನದಾಗ ಹಂಗ ಹೇಳ್ತಾರ" ಅಂದೆ. ಅವರು ಅಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ಪೇಟದ ಕೆಳಗಿಂದ ಕಣ್ಣೀರು ಇಳಿಯುತ್ತಿದ್ದದ್ದು ನನಗೆ ಕಂಡಿತು.

ಆಮೇಲೆ ಅವರೇ ಮೈಕ್ ಹಿಡಿದು ಹೇಳಿದರು. "ನನಗೆ ಯಾರೂ ಹೀಗೆ ಮಾಡಿಲ್ಲ. ನನ್ನ ಊರಲ್ಲೂ ಮಾಡಿಲ್ಲ. ಈ ಹುಡುಗಿಯರು ನನ್ನ ಕೊನೆಯ ತಂಡ. ಕಾಲು ನಡೆಯೋವರೆಗೂ ಇವರನ್ನ ಬಿಡಲ್ಲ." ಮೊದಲ ಸಾಲಿನ ಹುಡುಗಿಯರು ಎದ್ದು ಕಿರುಚಿದರು. ನಾನೂ ಕಿರುಚಿದೆ. ಕೂಟದ ಹೆಂಗಸರು ನನ್ನನ್ನು ತಿರುಗಿ ನೋಡಿದರು, ನೋಡಲಿ.

ನಮ್ಮ ತಪ್ಪು ಏನೆಂದರೆ, ಶಾಲು ಹೊದಿಸಿದ ಮೇಲೆ ಆ ಮನುಷ್ಯ ನಮ್ಮ ಪಾಲಿನವನು ಅಂತ ನಾವು ನಂಬುತ್ತೇವೆ. ನಮ್ಮ ಊರುಗಳಲ್ಲಿ ಹಾಗೆ ನಡೆದುಬಿಡುತ್ತದೆ. ಸನ್ಮಾನ ಮಾಡಿಸಿಕೊಂಡವರು ಆಮೇಲೆ ಆ ಓಣಿಯಲ್ಲಿ ತಲೆ ಎತ್ತಿ ನಡೆಯಬೇಕಲ್ಲ, ಅದಕ್ಕಾದರೂ ಮಾತು ಉಳಿಸಿಕೊಳ್ಳುತ್ತಾರೆ. ಇಲ್ಲಿ ಆದದ್ದು ಬೇರೆ. ಕೂಟದ ಕಾರ್ಯದರ್ಶಿಗೆ ಎಲ್ಲ ಫೋಟೋಗಳನ್ನೂ ಪತ್ರಿಕೆಗೆ ಕಳಿಸುವ ಚಟ. ಯಾವತ್ತೂ ಯಾರೂ ಹಾಕಿರಲಿಲ್ಲ. ಈ ಸಲ ಊರಿನ ಪತ್ರಿಕೆಯವರು ಹಾಕಿದರು: ಪೇಟ ಇಟ್ಟುಕೊಂಡ ಇಟಲಿಯ ಆಟಗಾರ, ಕೈಯಲ್ಲಿ ತೆಂಗಿನಕಾಯಿ, ಕೆಳಗೆ ಅಧ್ಯಕ್ಷರ ಮಹಾನ್ ತಾರೆಯ ಮಾತು. ನಾವು ಅದನ್ನು ಫ್ರಿಜ್ ಮೇಲೆ ಅಂಟಿಸಿ ಹಿಗ್ಗಿದೆವು. ಅದೇ ಫೋಟೋವನ್ನು ಪಕ್ಕದ ಊರಿನ ದೊಡ್ಡ ಕ್ಲಬ್ಬಿನ ಯಾರೋ ನೋಡಿ, ಓಹೋ ಈತ ಇಲ್ಲೇ ಇದ್ದಾನಲ್ಲ ಅಂದುಕೊಂಡು, ತಮ್ಮ ಹುಡುಗರ ಅಕಾಡೆಮಿಗೆ ಕೋಚ್ ಆಗಿ ಬಾ ಅಂತ ಕರೆದರು. ನಾವೇ ಹಾರ ಹಾಕಿ ಎತ್ತಿ ತೋರಿಸಿದ ಹಾಗಾಯಿತು.

ಇದೊಂದೂ ನಮಗೆ ಗೊತ್ತಿರಲಿಲ್ಲ. ಆಮೇಲೊಂದು ಗುರುವಾರ ಅವರು ನಮ್ಮ ಮನೆಯಲ್ಲೇ ಊಟ ಮಾಡಿದರು. ಜೋಳದ ರೊಟ್ಟಿಯನ್ನು ಹೇಗೆ ಬಡಿಯುವುದು ಅಂತ ಪಕ್ಕದಲ್ಲಿ ನಿಂತು ನೋಡಿದರು, ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡರು. ಗೌರಿ ಮುಂದಿನ ವರ್ಷದ ಪಂದ್ಯಗಳ ಬಗ್ಗೆ ಕೇಳುತ್ತಿದ್ದಳು. "ನೋಡೋಣ, ನೋಡೋಣ" ಅಂದರು.

ಮಾರನೆಯ ದಿನ ಸಂಜೆ ಊರ ಕ್ಲಬ್ಬಿನ ವಾರ್ಷಿಕ ಸಭೆ. ಮೈದಾನದ ವಿಷಯ ಇದೆ, ತಾಯಂದಿರು ಬನ್ನಿ ಅಂತ ಹೇಳಿದ್ದರಿಂದ ನಾನೂ ಶೈಲಾಳೂ ಹೋದೆವು. ಹುಡುಗಿಯರು ಹಿಂದೆ ನೆಲದ ಮೇಲೆ ಕೂತಿದ್ದರು. ಮುಂದೆ ಉದ್ದನೆಯ ಮೇಜು, ಸಮಿತಿಯವರು, ನಡುವೆ ಹುಡುಗಿಯರ ಕೋಚ್ ಅಂತ ಸಮಿತಿಗೆ ಸೇರಿಸಿಕೊಂಡಿದ್ದ ಅವರು. ಮಾತೆಲ್ಲ ಇಂಗ್ಲಿಷಿನಲ್ಲಿ ವೇಗವಾಗಿ ನಡೆಯಿತು. ಶೈಲಾ ನನಗೆ ಬಿಡಿಸಿ ಹೇಳಿದಳು: "ಅಮ್ಮ, ಪಕ್ಕದೂರಿನ ದೊಡ್ಡ ಕ್ಲಬ್ ಅಕಾಡೆಮಿಯೋರು ಶನಿವಾರ ನಮ್ಮ ಗ್ರೌಂಡ್ ಕೇಳ್ತಿದಾರೆ, ಹುಡುಗರಿಗೆ. ಬದಲಿಗೆ ಹೊಸ ಚೇಂಜಿಂಗ್ ರೂಮ್ ಕಟ್ಟಿಸಿಕೊಡ್ತಾರಂತೆ. ಹುಡುಗಿಯರ ಟೀಮ್ ಸದ್ಯಕ್ಕೆ ನಿಲ್ಲಿಸ್ತಾರಂತೆ." "ನಿಲ್ಲಸ್ತಾರ? ಅಲ್ಲೇ ಕುಂತಾರಲ್ಲ ನಮ್ಮವ್ರು, ಬಿಡ್ತಾರೇನು?" ಅಂದೆ ನಾನು.

ಒಪ್ಪುವವರು ಕೈ ಎತ್ತಿ ಅಂದರು. ಅದಕ್ಕೆ ಅನುವಾದ ಬೇಕಿರಲಿಲ್ಲ. ಮೇಜಿನ ಈ ತುದಿಯಿಂದ ಒಂದು ಕೈ ಎದ್ದಿತು, ಆ ತುದಿಯಿಂದ ಒಂದು. ನಾನು ನಡುವಿನ ಕೈಯನ್ನೇ ನೋಡುತ್ತಿದ್ದೆ. ಅವರು ಹೆಗಲ ಮೇಲಿಂದ ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು. ಆಮೇಲೆ ಅವರ ಕೈಯೂ ಎದ್ದಿತು. ಪೂರ್ತಿ ಅಲ್ಲ, ಕಿವಿಯವರೆಗೆ.

ಹಿಂದಿನಿಂದ ಗೌರಿ ನನ್ನ ಸೀರೆ ಎಳೆದಳು. "ಅಜ್ಜಿ, ಹಿ ಈಸ್ ಜಸ್ಟ್ ಸ್ಟ್ರೆಚಿಂಗ್" ಅಂದಳು. ಸುಮ್ಮನೆ ಮೈ ಮುರಿಯುತ್ತಿದ್ದಾರೆ ಅಂತ. ಹನ್ನೆರಡು ವರ್ಷದ ಮಗು. ಆ ಮಾತು ನೆನೆದರೆ, ಇಷ್ಟು ಸಂತೋಷದ ವಾರದಲ್ಲೂ ಕಟ್ಟುತ್ತಿದ್ದ ಉಂಡಿಯನ್ನು ಕೆಳಗಿಟ್ಟುಬಿಡುತ್ತೇನೆ.

ಮರುದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಶೈಲಾ ಬೇಡ ಅಂದಳು. "ಅಮ್ಮಾ, ಜಗಳ ಆಡ್ಬೇಡ. ಇಲ್ಲಿ ಹಾಗೆಲ್ಲ ಯಾರ ಮನೆಗೂ ಹೋಗಿ ಕೇಳಲ್ಲ." "ನಾ ಇಲ್ಲಿಯಾಕಿ ಅಲ್ಲ" ಅಂದು ಚಪ್ಪಲಿ ಮೆಟ್ಟಿದೆ. ಅವರು ಬಾಗಿಲು ತೆರೆದವರು ಒಳಗೆ ಕರೆಯಲಿಲ್ಲ.

"ಯಾಕ ಹಿಂಗ ಮಾಡಿದ್ರಿ?" ಅಂತ ಕನ್ನಡದಲ್ಲೇ ಕೇಳಿದೆ. ಅರ್ಥವಾಯಿತು ಅವರಿಗೆ.

"ನನ್ನೊಬ್ಬನ ಕೈಯಿಂದ ಏನೂ ಬದಲಾಗ್ತಿರಲಿಲ್ಲ, ಮಿಸೆಸ್ ಅಜ್ಜಿ. ಎಲ್ಲರೂ ಎತ್ತಿದರು."

"ನಿಮ್ಮದೊಂದು ಕೆಳಗ ಇದ್ದಿದ್ರ ಸಾಕಿತ್ತು. ಮಕ್ಕಳು ನೋಡ್ತಿದ್ವು."

ಅವರು ಬಾಗಿಲ ಚೌಕಟ್ಟನ್ನು ಹೆಬ್ಬೆರಳಿಂದ ಕೆರೆಯುತ್ತ ನಿಂತರು. "ಅವರು ನನ್ನ ಹೆಸರು ಹಿಡಿದು ಕೇಳಿದರು. ಈ ವಯಸ್ಸಲ್ಲಿ ನನ್ನನ್ನ ಹೆಸರು ಹಿಡಿದು ಯಾರು ಕೇಳ್ತಾರೆ?"

"ನಾವು ಕೇಳಿದ್ವಿ. ಮೈಕಿನಾಗ ಕೇಳಿದ್ವಿ."

ನಾನು ಮತ್ತೆ ಅಂದೆ: "ಹೋಗ್ಲಿ, ಗುರುವಾರ ಊಟಕ್ಕ ಕುಂತಾಗ ಹೇಳಬೇಕಿತ್ತಲ್ಲ? ಆ ಹುಡುಗಿ ಕೇಳಾಕತ್ತಿದ್ಲು. ನಿಮಗ ಗೊತ್ತಿತ್ತಲ್ಲ?"

ಆಗ ಅವರ ಮುಖ ನೋಡಬೇಕಿತ್ತು. ನಾನು ಏನು ಹೇಳುತ್ತಿದ್ದೇನೆ ಅಂತ ಅವರಿಗೆ ನನಗಿಂತ ಮೊದಲೇ ತಿಳಿಯಿತು. "ಹೌದು" ಅಂದರು. "ಆ ಮ್ಯಾನೇಜರ್ ಹೇಳಲಿಲ್ಲ ಅಂತ ಇಷ್ಟು ವರ್ಷ ಬೈದೆ. ನಿಮ್ಮ ರೊಟ್ಟಿ ತಿನ್ನುವಾಗ ಬಾಯಿಗೆ ಬಂತು. ಆಗಲಿಲ್ಲ." ಅಷ್ಟು ಹೇಳಿ ಬಾಗಿಲನ್ನು ಮೆತ್ತಗೆ ಮುಂದೆ ಮಾಡಿದರು. ದಡಾರನೆ ಹಾಕಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ತಂಡ ಚದುರಿತು. ಸದ್ಯಕ್ಕೆ ಅಂದದ್ದು ಯಾವತ್ತಿಗೂ ಆಯಿತು. ಕೆಂಪು ಕೂದಲಿನವಳು ಈಜಿಗೆ ಸೇರಿದಳು, ಸ್ಕಾರ್ಫಿನ ಮಗು ಮನೆಯಲ್ಲೇ ಉಳಿಯಿತು. ಗೌರಿ ಆ ಚಳಿಗಾಲವೆಲ್ಲ ಚೆಂಡು ಮುಟ್ಟಲಿಲ್ಲ. ಗ್ಯಾರೇಜಿನ ಧಡ್ ಧಡ್ ನಿಂತುಹೋಯಿತು. ಮೊದಲು ಅದನ್ನು ನಿಲ್ಲಿಸು ಅಂತ ಬೈಯುತ್ತಿದ್ದ ಪಕ್ಕದ ಮನೆಯಾಕೆಯೇ "ಮಗುವಿಗೆ ಹುಷಾರಿಲ್ಲವಾ?" ಅಂತ ಬಂದು ಕೇಳಿದಳು. ಶನಿವಾರ ಬಂದರೆ ಹೊಸ ಬಣ್ಣದ ಅಂಗಿ ತೊಟ್ಟ ಹುಡುಗರನ್ನು ಅದೇ ಮೈದಾನದಲ್ಲಿ ಅವರು ಆಡಿಸುವುದು ಬಸ್ಸಿನಿಂದ ಕಾಣುತ್ತಿತ್ತು. ಗೌರಿ ಆ ಕಡೆಯ ಸೀಟಿನಲ್ಲಿ ಕೂರುವುದನ್ನೇ ಬಿಟ್ಟಳು. ನಾನು ದೇವರ ಮುಂದೆ ಕೂತು, ಶಿವನೇ, ಈ ಹುಡುಗಿಗೆ ಅವರು ಕಲಿಸಿದ್ದೆಲ್ಲ ಮರೆಸಿಬಿಡು, ಇಲ್ಲ ಆಡಿಸು, ಎರಡರಲ್ಲಿ ಒಂದು ಮಾಡು ಅಂತ ಕೇಳಿಕೊಂಡೆ.

ವಸಂತದಲ್ಲಿ ಅವಳೇ ಒಂದು ದಿನ ಊಟದ ಮೇಜಿನಲ್ಲಿ, ಹಡರ್ಸ್‌ಫೀಲ್ಡ್‌ನಲ್ಲಿ ಹುಡುಗಿಯರ ತಂಡ ಇದೆಯಂತೆ, ಹೋಗಲಾ ಅಂತ ಕೇಳಿದಳು. ಅಪ್ಪ ಅಮ್ಮ ರೋಟಾ ನೋಡಿಕೊಂಡರು. ನಾನು ಏನೂ ನೋಡಿಕೊಳ್ಳದೆ ಹೂಂ ಅಂದೆ. ಅಲ್ಲಿಂದ ಪ್ರತಿ ಶನಿವಾರ ನಾನೂ ಅವಳೂ ರೈಲು. ಮ್ಯಾಂಚೆಸ್ಟರಿಗೆ ಹೋಗಿ, ಅಲ್ಲಿ ಬದಲಿಸಿ, ಗುಡ್ಡ ದಾಟಿ ಆ ಕಡೆಗೆ. ಹಿಮ ಬಿದ್ದರೂ ಹೋದೆವು. ಹೊಸ ಕೋಚ್ ಶಾಲೆಯ ಟೀಚರಮ್ಮ, ಒಳ್ಳೆಯವಳು. ಅವಳಿಗೆ ಆಟ ಅಷ್ಟಾಗಿ ಗೊತ್ತಿರಲಿಲ್ಲ, ಮಕ್ಕಳು ಗೊತ್ತಿದ್ದರು.

ಇದಾಗಿ ಒಂದೆರಡು ವರ್ಷದ ಮೇಲೆ ಒಂದು ಶನಿವಾರ ನಾವು ಹೊರಡುವ ಹೊತ್ತಿಗೆ ಬಾಗಿಲ ಗಂಟೆ ಬಡಿಯಿತು. ತೆರೆದರೆ ಅವರು. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೀದಿಯಲ್ಲಿ ಕಾರು, ಕಾರಿನ ಮೇಲೆಲ್ಲ ಸಾಮಾನು, ಒಳಗೆ ಹೆಂಡತಿ.

ಇಟಲಿಗೆ ಹೋಗುತ್ತಿದ್ದೇವೆ, ಹೇಳಿಹೋಗಲು ಬಂದೆ ಅಂದರು. ನಾನು ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಮುಂದೆ ಮಾಡಲಿಲ್ಲ. ಅಕಾಡೆಮಿಗೆ ಹೊಸ ಮುಖ್ಯಸ್ಥ ಬಂದನಂತೆ, ತನ್ನ ಜನರನ್ನೇ ತಂದನಂತೆ. ಅಮ್ಮನ ಮನೆಯ ಮಾಡು ಸೋರುತ್ತಿದೆಯಂತೆ. ಮಂಡಿಗೆ ಅಲ್ಲಿನ ಬಿಸಿಲು ಒಳ್ಳೆಯದಂತೆ. "ನಿಮ್ಮ ಚಕ್ಕುಲಿ ನನಗೆ ನೆನಪಾಗುತ್ತೆ" ಅಂದರು. ಆಮೇಲೆ ಹೆಗಲ ಮೇಲಿಂದ ಕಾರಿನ ಕಡೆ ನೋಡಿದರು. ನಾನು ಕಾದೆ. ಒಂದು ಮಾತು ಇನ್ನೂ ಬರಬೇಕಿತ್ತು, ಅದಕ್ಕಾಗಿ ಕಾದೆ. ಆ ಒಂದು ಮಾತು ಬಂದಿದ್ದರೆ ನಾನು ಒಳಗೆ ಓಡಿ ಡಬ್ಬಿಯನ್ನೇ ತಂದುಕೊಡುತ್ತಿದ್ದೆ. ಹೆಂಡತಿ ಕಾರಿನ ಹಾರ್ನ್ ಒತ್ತಿದರು. "ಬರ್ತೀನಿ, ಮಿಸೆಸ್ ಅಜ್ಜಿ" ಅಂದು, ಮಂಡಿ ಹಿಡಿದುಕೊಂಡು ಇಳಿದು ಹೋದರು.

ಬಾಗಿಲು ಹಾಕಿ ತಿರುಗಿದರೆ ಗೌರಿ ಮೆಟ್ಟಿಲ ಮೇಲೆ ಕೂತಿದ್ದಳು, ಹೆಗಲಿಗೆ ಬ್ಯಾಗು ಹಾಕಿಕೊಂಡು. ಎಷ್ಟು ಹೊತ್ತಿನಿಂದ ಕೂತಿದ್ದಳೋ.

"ಅಜ್ಜಿ, ಡಿಡ್ ಹಿ ಆಸ್ಕ್ ಅಬೌಟ್ ಮಿ?"

"ಇಲ್ಲವ್ವಾ" ಅಂದೆ.

"ಓಕೆ" ಅಂದಳು. "ಬನ್ನಿ, ಟ್ರೇನ್ ಹೋಗುತ್ತೆ."

ರೈಲಿನಲ್ಲಿ ಕಿಟಕಿಯ ಪಕ್ಕ ಕೂತಳು. ಹಡರ್ಸ್‌ಫೀಲ್ಡ್‌ಗೆ ಮುಂಚೆ ಗುಡ್ಡದೊಳಗೆ ಉದ್ದನೆಯ ಸುರಂಗವಿದೆ. ಅಲ್ಲಿ ಕಿಟಕಿಯೆಲ್ಲ ಕಪ್ಪಾಗಿ, ಗಾಲಿಗಳ ಸದ್ದು ದೊಡ್ಡದಾಗುತ್ತದೆ. ಆ ಸದ್ದಿನೊಳಗೆ ಅವಳು ಅತ್ತಳು. ಮುಖವನ್ನು ಗಾಜಿಗೆ ಒತ್ತಿಕೊಂಡು, ಭುಜ ಅಲುಗಿಸುತ್ತ ಅತ್ತಳು. ನಾನು ಮುಟ್ಟಲಿಲ್ಲ, ಮುಟ್ಟಿದ್ದರೆ ನಿಲ್ಲಿಸಿಬಿಡುತ್ತಿದ್ದಳು. ಸುರಂಗ ಮುಗಿದು ಬೆಳಕು ಬರುವಷ್ಟರಲ್ಲಿ ಅವಳದೂ ಮುಗಿದಿತ್ತು. ತೋಳಿನಿಂದ ಮೂಗು ಒರೆಸಿಕೊಂಡು ಬೂಟಿನ ಲೇಸು ಬಿಗಿದಳು.

ಆವತ್ತು ಅವಳು ಆಡಿದ ಆಟ! ಚೆಂಡು ಎಲ್ಲಿಂದ ಎಲ್ಲಿಗೆ ಹೋದರೂ ಅವಳ ಕಾಲ ಮುಂದೆ ಹಾದೇ ಹೋಗಬೇಕು. ಉದ್ದ ಜಡೆಯ ಹುಡುಗಿಗೆ ಒಂದು ಕೊಟ್ಟಳು, ಅವಳು ಗೋಲು ಹೊಡೆದಳು. ಕುಳ್ಳಿಗೆ ಒಂದು ಕೊಟ್ಟಳು, ಅವಳೂ ಹೊಡೆದಳು. ಎಲ್ಲರೂ ಹೊಡೆದವರ ಮೇಲೆ ಬಿದ್ದು ಕುಣಿಯುತ್ತಿದ್ದರೆ, ನನ್ನ ಮೊಮ್ಮಗಳು ಕೆಸರಿನಲ್ಲಿ ಒಬ್ಬಳೇ ನಡುವೆ ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಡುತ್ತಿದ್ದಳು.

ಅದನ್ನು ಅವರು ನೋಡಬೇಕಿತ್ತು. ನೋಡಲಿಲ್ಲ. ನಾನು ನೋಡಿದೆ. ಗೆರೆ ದಾಟಿ ಮೈದಾನದೊಳಕ್ಕೇ ನುಗ್ಗಿ, ರೆಫರಿ ಸೀಟಿ ಊದುತ್ತಿದ್ದರೂ ಬಿಡದೆ, ಅವಳ ಹೆಸರು ಹಿಡಿದು ಕೂಗಿದೆ.